ಚುಕ್ಕಿಯನ್ನು ಅಳಿಸದ ಹಕ್ಕಿ

ಬಂದರಿನಲ್ಲಿ ಅವಳನ್ನು ಎಲ್ಲರೂ ಗಿಡುಗಮ್ಮ ಎಂದೇ ಕರೆಯುತ್ತಿದ್ದರು. ಹಡಗಿನಿಂದ ಕಂಟೇನರ್ ಎತ್ತಿ ಲಾರಿಗಳ ಮೇಲೆ ಇಳಿಸುವ ದೊಡ್ಡ ಕ್ರೇನಿನ ನೆತ್ತಿಯಲ್ಲಿ, ಗಾಜಿನ ಗೂಡಿನಂಥ ಕ್ಯಾಬಿನ್ನಿನಲ್ಲಿ ಕೂತು ಕೆಲಸ ಮಾಡುವ ಒಬ್ಬಳೇ ಹೆಂಗಸು ಅವಳು. ಅಲ್ಲಿ ಕಾಲಡಿಯ ನೆಲವೂ ಗಾಜೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೆಳಗೆ ನೋಡುವಾಗಲೆಲ್ಲ ಸೀಟಿನ ಅಂಚು ಹಿಡಿದುಕೊಳ್ಳುತ್ತಿದ್ದಳು. ಬರಬರುತ್ತಾ ಅದೇ ಅಭ್ಯಾಸವಾಗಿ, ನೆಲದ ಮೇಲೆ ನಡೆಯುವಾಗಲೇ ಏನೋ ಇಕ್ಕಟ್ಟು ಎನ್ನಿಸತೊಡಗಿತು.

ಮನೆಯಲ್ಲಿ ಗಂಡ ಮತ್ತು ಮಾವ. ಗಂಡ ಹಡಗುಗಳನ್ನು ದಡಕ್ಕೆ ಎಳೆದು ತರುವ ಟಗ್ ದೋಣಿಯಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದ. ಮಾತು ಕಡಿಮೆ, ನಿದ್ದೆ ಜಾಸ್ತಿ. ಮನೆಯ ಮಾತನ್ನೆಲ್ಲ ಮಾವನೇ ಗುತ್ತಿಗೆ ಹಿಡಿದಿದ್ದರು. ಹಡಗು ರಿಪೇರಿ ಮಾಡುವ ಕಟ್ಟೆಯಲ್ಲಿ ಆಯುಷ್ಯವೆಲ್ಲ ವೆಲ್ಡಿಂಗ್ ಮಾಡಿದವರು ಅವರು. ಕೊನೆಕೊನೆಗೆ ಕಣ್ಣು ಕೈಕೊಟ್ಟಿತ್ತು. ಓರೆಗಣ್ಣಿಗೆ ಬಾಗಿಲು, ಮನುಷ್ಯರು, ತಟ್ಟೆಯ ಅಂಚು ಇಷ್ಟು ಕಾಣುತ್ತಿತ್ತು. ನೇರ ನೋಡಿದ್ದು ಮಾತ್ರ ಮಂಜು.

"ಕೆಲಸ ಮಾಡೋ ಕಾಲದಲ್ಲಿ ಊಟಕ್ಕೆ ಬಿಟ್ಟಾಗ ಕಪ್ಪು ಗಾಜು ಹಿಡ್ಕೊಂಡು ಸೂರ್ಯನ್ನ ನೋಡ್ತಿದ್ದೆ ತಾಯಿ," ಎಂದು ಅವರು ಸೊಸೆಗೆ ಹೇಳುತ್ತಿದ್ದರು. "ಅವನ ಮುಖದಲ್ಲೂ ಮೊಡವೆ ಇದೆ. ಇವತ್ತು ಈ ಕಡೆ ಇದ್ರೆ ನಾಲ್ಕು ದಿನ ಬಿಟ್ಟು ಆ ಕಡೆ. ಫೋರ್‌ಮನ್‌ಗೆ ತೋರಿಸಿದ್ರೆ, ನಿನ್ನ ಗಾಜು ಒರೆಸ್ಕೋ ಹೋಗು ಅಂದ."

ಅವಳಿಗೆ ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಸೂರ್ಯನ ಮುಖದ ಮೇಲೆ ನಿಜವಾಗಿ ಏನಿದೆ? ಯಾರನ್ನು ಕೇಳುವುದು?

ಆ ವರ್ಷವೇ ಅವಳ ಕೈಗೆ ಗುಂಡಿ ಒತ್ತುವ ಒಂದು ಸಣ್ಣ ಮೊಬೈಲು ಬಂದದ್ದು. ಪರದೆ ಬೆಂಕಿಪೊಟ್ಟಣದಷ್ಟು. ಅದರಲ್ಲಿ ಇಂಟರ್‌ನೆಟ್ ನೋಡಲು ಒಂದು ಬ್ರೌಸರ್ ಇತ್ತು. ಅದರ ಗುರುತು ಮಡಿಸಿದ ಕಾಗದದ ಒಂದು ಹಕ್ಕಿ. ಏನಾದರೂ ಕೇಳಿದರೆ ಹಕ್ಕಿ ರೆಕ್ಕೆ ಬಡಿಯುತ್ತಾ ಕೂರುತ್ತಿತ್ತು. ಪುಟ ಬಂತೆಂದರೆ ಹಾರಿಹೋಗುತ್ತಿತ್ತು. ಹಾಗಾಗಿ ಮನೆಯಲ್ಲಿ ಅದಕ್ಕೆ ಹಕ್ಕಿ ಎಂದೇ ಹೆಸರು. ಗೋದಾಮುಗಳ ಸಂದಿಯಲ್ಲಿದ್ದ ಅವರ ಮನೆಯಲ್ಲಿ ಸಿಗ್ನಲ್ ಎಂಬುದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕ್ರೇನಿನ ಮೇಲೆ ಮಾತ್ರ ತುಂಬಿ ತುಳುಕುತ್ತಿತ್ತು. ಕ್ರೇನು ಓಡುವಾಗ ಫೋನು ಮುಟ್ಟುವಂತಿಲ್ಲ. ಗಾಳಿ ಜೋರಾಗಿ ಕೆಲಸ ನಿಂತಾಗ, ಊಟದ ಹೊತ್ತಿನಲ್ಲಿ, ಅವಳು ಚೀಲದಿಂದ ಅದನ್ನು ತೆಗೆಯುತ್ತಿದ್ದಳು.

ಮಾವನಿಗೆ ಈ ಹಕ್ಕಿಯ ಸಂಗತಿ ಎಷ್ಟು ಹೇಳಿದರೂ ಸಾಲದು.

"ಅಷ್ಟು ದೊಡ್ಡ ಪುಟ ಇಷ್ಟು ಸಣ್ಣ ಫೋನಲ್ಲಿ ಹೇಗೆ ಹಿಡಿಸುತ್ತೆ?"

"ಹಿಡಿಸಲ್ಲ ಮಾವ. ಎಲ್ಲೋ ದೂರದ ಊರಲ್ಲಿ ಕಂಪನಿಯೋರ ಯಂತ್ರ ಇದೆಯಂತೆ. ನಾವು ಕೇಳಿದ್ದನ್ನ ಮೊದಲು ಅದು ತಾನು ನೋಡುತ್ತೆ. ಆಮೇಲೆ ಒದ್ದೆ ಬಟ್ಟೆ ಹಿಂಡೋ ಹಾಗೆ ಹಿಂಡಿ, ಸಣ್ಣ ಗಂಟು ಮಾಡಿ ಇಲ್ಲಿಗೆ ಕಳಿಸುತ್ತೆ."

"ಯಾರಿಗೋಸ್ಕರ?"

"ಕೇಳಿದೋರಿಗೆ. ಈಗ ನಾನು ಕೇಳಿದೆ ಅಂದ್ರೆ ನನಗೆ."

ಮಾವ ಫೋನನ್ನು ಬೆರಳಿನಿಂದ ತಡವಿ ನೋಡಿದರು. "ನಿನಗೋಸ್ಕರ ಯಾವುದೋ ಊರಲ್ಲಿ ಒಂದು ಯಂತ್ರ ಕೂತು ಬಟ್ಟೆ ಹಿಂಡುತ್ತೆ," ಎಂದರು. "ನಿನ್ನ ಗಂಡನಿಗೆ ಹೇಳು ಇದನ್ನ. ಒಂದಿನ ಆದ್ರೂ ಕಲೀಲಿ."

ಹಾಗೆ ಹುಡುಕುತ್ತಾ ಹೋಗಿ ಒಂದು ದಿನ ಅವಳಿಗೆ ಸೂರ್ಯನೇ ಸಿಕ್ಕಿಬಿಟ್ಟ. ಬಾಹ್ಯಾಕಾಶದಲ್ಲಿ ನಿಂತು ಸೂರ್ಯನನ್ನೇ ದಿಟ್ಟಿಸುವ ಒಂದು ಉಪಗ್ರಹವಿತ್ತು. ಅದು ತೆಗೆದ ಚಿತ್ರಗಳನ್ನು ವಿಜ್ಞಾನಿಗಳು ಗಂಟೆಗೆ ಕೆಲವು ಸಲ ಎಲ್ಲರೂ ನೋಡುವಂತೆ ಒಂದು ಪುಟದಲ್ಲಿ ಹಾಕುತ್ತಿದ್ದರು. ಹಕ್ಕಿ ಬಹಳ ಹೊತ್ತು ರೆಕ್ಕೆ ಬಡಿಯಿತು. ಆಮೇಲೆ ಚಿತ್ರ ಮೇಲಿನಿಂದ ಕೆಳಕ್ಕೆ ಪಟ್ಟಿಪಟ್ಟಿಯಾಗಿ ಬಂತು. ನೀಲಿ ಆಕಾಶ, ನಡುವೆ ಒಂದು ಬಿಲ್ಲೆ. ಸೂರ್ಯನ ಉರಿ ಕಣ್ಣು ಕುಕ್ಕಬಾರದೆಂದು ಉಪಗ್ರಹವೇ ಆ ಬಿಲ್ಲೆಯನ್ನು ಅಡ್ಡ ಹಿಡಿದಿತ್ತು. ಬಿಲ್ಲೆಯ ಸುತ್ತ ಬೆಳಕು ಕೂದಲು ಕೆದರಿಕೊಂಡಂತೆ ಎಲ್ಲ ದಿಕ್ಕಿಗೂ ಹರಿದಿತ್ತು. ಅವಳು ತಲೆ ಎತ್ತಿ ಕ್ಯಾಬಿನ್ನಿನ ಗಾಜಿನಾಚೆ ನೋಡಿದಳು. ನೆತ್ತಿಯ ಮೇಲೆ ನಿಜವಾದ ಸೂರ್ಯ ಸುಡುತ್ತಿದ್ದ. ಅಂಗೈಯಲ್ಲಿ ಅವನೇ ಬೆಂಕಿಪೊಟ್ಟಣದಷ್ಟಾಗಿ ಕೂತಿದ್ದ. ಚಿತ್ರವನ್ನು ಫೋನಿನಲ್ಲೇ ಉಳಿಸಿಕೊಂಡು ಸಂಜೆ ಮನೆಗೆ ಒಯ್ದಳು.

ಮಾವನಿಗೆ ಅದು ಕಾಣುವುದು ಸಾಧ್ಯವಿರಲಿಲ್ಲ. ಪರದೆಯನ್ನು ಮೂಗಿಗೆ ತಾಗಿಸಿಕೊಂಡು ನೋಡಿದರು, ಓರೆಯಾಗಿ ನೋಡಿದರು. "ನೀಲಿ ಅನ್ನೋದು ಗೊತ್ತಾಗುತ್ತೆ. ಮಿಕ್ಕಿದ್ದು ನೀನೇ ಹೇಳು," ಎಂದರು. ಅವಳು ಹೇಳಿದಳು. ಅಂದಿನಿಂದ ಅದೇ ಪರಿಪಾಠವಾಯಿತು. ಅವಳು ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ಕೂಗು: "ಇವತ್ತು ಹೇಗಿದಾನೆ?" ಸ್ವಂತ ತಮ್ಮನ ಯೋಗಕ್ಷೇಮ ವಿಚಾರಿಸುವ ಧಾಟಿಯಲ್ಲಿ. ಬೆಳಕಿನ ಕೂದಲು ಯಾವ ಕಡೆ ಉದ್ದ, ಯಾವ ಕಡೆ ಗಿಡ್ಡ, ಎಲ್ಲಿ ಬೆಂಕಿ ಉಗುಳಿದ್ದಾನೆ, ಎಲ್ಲಿ ತಣ್ಣಗಿದ್ದಾನೆ, ಎಲ್ಲವನ್ನೂ ಅವಳು ವರದಿ ಒಪ್ಪಿಸಬೇಕು. ಮರೆತರೆ ಮಾವನಿಗೆ ಊಟ ಇಳಿಯುತ್ತಿರಲಿಲ್ಲ.

ಹೀಗೆ ಎರಡು ಮಳೆಗಾಲ ಕಳೆದ ಮೇಲೆ ಅದು ನಡೆಯಿತು.

ಬೆಳಿಗ್ಗೆಯಿಂದ ಗಾಳಿ. ಅಳತೆ ಮೀರಿದ್ದರಿಂದ ಕ್ರೇನುಗಳೆಲ್ಲ ನಿಂತಿದ್ದವು. ಅವಳು ಕ್ಯಾಬಿನ್ನಿನಲ್ಲೇ ಕಾಯುತ್ತಾ ಹಕ್ಕಿಯನ್ನು ತೆರೆದಳು. ಚಿತ್ರದ ಕೆಳಗಡೆ, ಎಡಕ್ಕೆ, ಒಂದು ಬಿಳಿ ಚುಕ್ಕಿ. ಧೂಳು ಎಂದುಕೊಂಡು ಹೆಬ್ಬೆರಳಿನಿಂದ ಒರೆಸಿದಳು. ಹೋಗಲಿಲ್ಲ. ಸೆರಗಿನ ತುದಿಗೆ ಬಾಯುಸಿರು ಕೊಟ್ಟು ಉಜ್ಜಿದಳು. ಅಲ್ಲೇ ಇತ್ತು. ನಕ್ಷತ್ರವಿರಬಹುದು ಎನ್ನಿಸಿತು, ನಕ್ಷತ್ರಗಳು ಆ ಚಿತ್ರಗಳಲ್ಲಿ ಬರುತ್ತಿದ್ದವು, ಎಲ್ಲವೂ ಒಟ್ಟಾಗಿ ಒಂದೇ ಕಡೆಗೆ ನಿಧಾನ ಸರಿಯುತ್ತಿದ್ದವು. ಅವಳು ಆ ಚಿತ್ರವನ್ನು ಉಳಿಸಿಕೊಂಡು, ಮುಂದಿನದು ಬರುವವರೆಗೆ ಕಾದಳು. ಚುಕ್ಕಿ ಜಾಗ ಬದಲಿಸಿತ್ತು. ನಕ್ಷತ್ರಗಳ ಜೊತೆಗಲ್ಲ, ಅವುಗಳನ್ನು ಬಿಟ್ಟು, ನೇರವಾಗಿ ಬಿಲ್ಲೆಯ ಕಡೆಗೆ. ಅದರ ಮುಂದಿನ ಚಿತ್ರದಲ್ಲಿ ಇನ್ನೂ ಹತ್ತಿರ.

ಗಾಳಿಗೆ ಕ್ರೇನಿನ ಇಡೀ ಮೈ ಸಣ್ಣಗೆ ಗುಂಯ್‌ಗುಡುತ್ತಿತ್ತು. ಅವಳಿಗೆ ತನ್ನ ಎದೆಯೇ ಹಾಗೆ ಗುಂಯ್‌ಗುಡುತ್ತಿದೆ ಎನ್ನಿಸಿತು. ಏನೋ ಒಂದು ವಸ್ತು ಸೂರ್ಯನೊಳಕ್ಕೆ ಬೀಳುತ್ತಿದೆ. ತಾನದನ್ನು ನೋಡುತ್ತಿದ್ದೇನೆ.

ಆ ಪುಟದಲ್ಲೇ ಒಂದು ಸೂಚನೆ ಇತ್ತು: ಚಿತ್ರಗಳಲ್ಲಿ ಧೂಮಕೇತು ಕಂಡರೆ ಯಾರು ಬೇಕಾದರೂ ತಿಳಿಸಬಹುದು. ಕ್ರೇನಿನ ಕೈಪಿಡಿ ಓದಿ ಕಲಿತ ಇಂಗ್ಲಿಷು ಅಷ್ಟಕ್ಕೆ ಸಾಕಾಗಿತ್ತು. ಚಿತ್ರದಲ್ಲಿ ಚುಕ್ಕಿ ಅಡ್ಡಕ್ಕೆ ಎಷ್ಟು ದೂರ, ಉದ್ದಕ್ಕೆ ಎಷ್ಟು ದೂರ ಎಂದು ಲೆಕ್ಕ ಕೇಳಿದ್ದರು. ಅದನ್ನು ಅಳೆಯಲು ದೊಡ್ಡ ಚಿತ್ರ ಬೇಕು. ದೊಡ್ಡ ಚಿತ್ರ ತೆರೆಯಹೋದರೆ ಫೋನು ಜಾಗವಿಲ್ಲ ಎಂದು ಕೈಯೆತ್ತಿತು. ಅವಳು ಲೆಕ್ಕದ ಜಾಗ ಖಾಲಿ ಬಿಟ್ಟು, ಕೆಳಗೆ ಬರೆದಳು. ಬಂದರಿನಲ್ಲಿ ಕೆಳಗಿನವರು ವಾಕಿಟಾಕಿಯಲ್ಲಿ ದಿಕ್ಕು ಹೇಳುವುದು ಗಡಿಯಾರದ ಮುಳ್ಳಿನ ಪ್ರಕಾರ. ಅವಳಿಗೆ ಅದೇ ಬಾಯಿಗೆ ಬಂತು: 'ಬಿಲ್ಲೆಯನ್ನು ಗಡಿಯಾರ ಎಂದುಕೊಳ್ಳಿ. ಏಳು ಗಂಟೆಯ ದಿಕ್ಕು. ಬಿಲ್ಲೆಗೂ ಚಿತ್ರದ ಅಂಚಿಗೂ ನಡುಮಧ್ಯೆ. ಬಾಲ ಇಲ್ಲ. ಒಳಗೆ ಬರುತ್ತಿದೆ. ದಯವಿಟ್ಟು ನೋಡಿ.'

ಕಳಿಸುವ ಗುಂಡಿ ಒತ್ತಿದಳು. ಹಕ್ಕಿ ರೆಕ್ಕೆ ಬಡಿಯಿತು, ಬಡಿಯಿತು, ಹಾಗೇ ಪರದೆ ಸ್ತಬ್ಧವಾಯಿತು. ಹೋಯಿತೋ ಇಲ್ಲವೋ ತಿಳಿಯದು. ಅಷ್ಟರಲ್ಲಿ ಗಾಳಿ ಇಳಿಯಿತು. ವಾಕಿಟಾಕಿಯಲ್ಲಿ ಕೆಳಗಿನವನು ಕೂಗಿದ: "ಗಿಡುಗಮ್ಮಾ, ಏಳಮ್ಮಾ, ಹಡಗು ಕಾಯ್ತಾ ಇದೆ!" ಫೋನನ್ನು ಚೀಲಕ್ಕೆ ಹಾಕಿ ಅವಳು ಕೆಲಸಕ್ಕೆ ಕೂತಳು. ಸಂಜೆವರೆಗೂ ಕಂಟೇನರ್ ಎತ್ತಿದಳು, ಇಳಿಸಿದಳು, ಒಂದನ್ನೂ ಕುಲುಕಲಿಲ್ಲ. ಮನಸ್ಸು ಮಾತ್ರ ಏಳು ಗಂಟೆಯ ದಿಕ್ಕಿನಲ್ಲೇ ಇತ್ತು.

"ಇವತ್ತು ಹೇಗಿದಾನೆ?"

"ಮಾವ, ಅವನೊಳಗೆ ಏನೋ ಬಿತ್ತು."

ಮಾವ ಕುರ್ಚಿಯಿಂದ ಎದ್ದೇಬಿಟ್ಟರು. "ಏನು? ಎಷ್ಟು ದಪ್ಪ?"

"ನೋಡೋಕೆ ಅಕ್ಕಿ ನುಚ್ಚಿನಷ್ಟು. ಧೂಮಕೇತು ಇರಬೇಕು ಅಂತ ಬರೆದು ಕಳಿಸಿದೀನಿ. ತಲುಪಿದೆಯೋ ಇಲ್ವೋ."

"ಸೂರ್ಯನ ಹತ್ರ ಹೋದ್ರೆ ಅದು ಉಳಿಯುತ್ತಾ?"

"ಗೊತ್ತಿಲ್ಲ."

"ಉಳಿಯಲ್ಲ," ಎಂದರು ಮಾವ. "ನಾನು ಬೆಂಕಿ ಹತ್ರ ಬದುಕಿದೋನು. ಉಳಿಯಲ್ಲ." ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಮಾವ ಸುಮ್ಮನಿದ್ದುದು ನೋಡಿ ಗಂಡ ನಿದ್ದೆಯಿಂದೆದ್ದು ಬಂದು, "ಏನಾಯ್ತು, ಅಪ್ಪನಿಗೆ ಹುಷಾರಿಲ್ವಾ?" ಎಂದು ಕೇಳಿದ.

ಉತ್ತರ ಮರುದಿನ ಊಟದ ಹೊತ್ತಿಗೆ, ಕ್ರೇನಿನ ಮೇಲೆ ಸಿಕ್ಕಿತು. ಬರೆದವಳು ಆ ಚಿತ್ರಗಳನ್ನು ನೋಡಿಕೊಳ್ಳುವ ಖಗೋಳ ವಿಜ್ಞಾನಿ. ನೀವು ಹೇಳಿದ ಜಾಗದಲ್ಲೇ ಅದು ಇತ್ತು, ನಿಮಗಿಂತ ಮೊದಲು ಜಗತ್ತಿನಲ್ಲಿ ಯಾರೂ ಅದನ್ನು ನೋಡಿ ತಿಳಿಸಿಲ್ಲ, ಎಂದು ಅವಳು ಬರೆದಿದ್ದಳು. ಎಷ್ಟೋ ನೂರು ವರ್ಷಗಳ ಹಿಂದೆ ಒಂದು ಭಾರಿ ಧೂಮಕೇತು ಸೂರ್ಯನ ಹತ್ತಿರ ಬಂದು ಒಡೆದಿತ್ತಂತೆ. ಅದರ ತುಣುಕುಗಳು ಕತ್ತಲಲ್ಲಿ ಬಹುದೂರ ಹೋಗಿ, ತಿರುಗಿ, ಒಂದೊಂದಾಗಿ ವಾಪಸು ಬರುತ್ತಿವೆಯಂತೆ. ಇದು ಅಂಥದೊಂದು ತುಣುಕು. ನೀವು ಬರೆದ ಕೆಲವೇ ಗಂಟೆಗಳಲ್ಲಿ ಅದು ಆವಿಯಾಗಿ ಹೋಗಿತ್ತು, ಎಂದು ಕೊನೆಗೆ ಬರೆದಿದ್ದಳು. ಅದರ ಕೆಳಗೆ ಒಂದು ಪ್ರಶ್ನೆ: ನೀವು ಯಾವ ಕಂಪ್ಯೂಟರಿನಲ್ಲಿ ನೋಡಿದಿರಿ?

ಗಿಡುಗಮ್ಮ ನಿಜವನ್ನೇ ಬರೆದಳು. ಫೋನಿನ ಹೆಸರು, ಹಕ್ಕಿಯ ವಿಷಯ, ಉಳಿಸಿಕೊಂಡ ಚಿತ್ರ, ಎಲ್ಲವನ್ನೂ ಕಳಿಸಿದಳು. ವಿಜ್ಞಾನಿಯಿಂದ ಎರಡೇ ಸಾಲಿನ ಉತ್ತರ ಬಂತು. ಇಷ್ಟು ಹಿಂಡಿದ ಚಿತ್ರದಲ್ಲಿ ಇಷ್ಟು ಸಣ್ಣ ಚುಕ್ಕಿ ಅಳಿಸಿಹೋಗಲೇಬೇಕಿತ್ತು. ಹೇಗೆ ಉಳಿಯಿತೋ ನನಗೂ ಅರ್ಥವಾಗುತ್ತಿಲ್ಲ.

ಆ ಸಂಜೆ ಮಾವ ಎಲ್ಲವನ್ನೂ ಎರಡು ಸಲ ಹೇಳಿಸಿಕೊಂಡರು. "ಅಷ್ಟು ನೂರು ವರ್ಷ ನಡೆದು ಬಂದಿದೆ," ಎಂದರು. "ಯಾರೂ ನೋಡದೆ ಉರಿದುಹೋಗ್ತಿತ್ತು. ನೀನು ನೋಡಿದೆ. ಹೋಗೋ ಜೀವಕ್ಕೆ ಒಬ್ಬರಾದ್ರೂ ಬಾಗಿಲ ತನಕ ಬಂದ ಹಾಗಾಯ್ತು." ಅವರ ಕಣ್ಣಲ್ಲಿ ನೀರಿತ್ತು. ಅವಳು ನೋಡಿಯೂ ನೋಡದಂತೆ ಎದ್ದು ಒಲೆ ಹಚ್ಚಿದಳು.

ವಿಜ್ಞಾನಿಗಳ ಪುಟದಲ್ಲಿ ಆ ಧೂಮಕೇತುವಿಗೆ ಒಂದು ಸಂಖ್ಯೆ ಬಿತ್ತು, ಪಕ್ಕದಲ್ಲಿ ಅವಳ ಹೆಸರು ಬಂತು. ಬಂದರಿನಲ್ಲಿ ಸುದ್ದಿ ಹಬ್ಬಿ, ಒಂದು ವಾರ ಎಲ್ಲರೂ ಅವಳ ಕ್ರೇನನ್ನು ನೋಡಿ ಕೈಮುಗಿಯುವ ನಾಟಕವಾಡಿದರು. ಆಮೇಲೆ ಎಲ್ಲ ಮೊದಲಿನಂತಾಯಿತು. ಅವಳು ಮಾತ್ರ ಮೊದಲಿನಂತಾಗಲಿಲ್ಲ. ಮುಂದಿನ ವರ್ಷಗಳಲ್ಲಿ ಇನ್ನೂ ಕೆಲವು ಧೂಮಕೇತುಗಳು ಅವಳಿಗೆ ಸಿಕ್ಕವು. ಪ್ರತಿಸಲವೂ ಎದೆಯಲ್ಲಿ ಅದೇ ಗುಂಯ್ ಎಂಬ ಸದ್ದು.

ಕಾಲ ಸರಿಯಿತು. ಎಲ್ಲರ ಕೈಗೂ ಅಂಗೈಯಗಲದ ಫೋನು ಬಂತು. ಅವಳ ಗಂಡನೂ ಒಂದು ತಂದ. ಅದರಲ್ಲಿ ಸೂರ್ಯ ದೊಡ್ಡದಾಗಿ, ಚೆನ್ನಾಗಿಯೇ ಕಂಡ. ಆದರೂ ಅವಳು ಹಳೆಯ ಫೋನನ್ನು ಬಿಡಲಿಲ್ಲ. "ಹಳೇ ಗಂಡನ್ನ ಇಟ್ಕೊಂಡಿರೋಳು ಹಳೇ ಫೋನ್ ಬಿಡ್ತಾಳಾ?" ಎಂದು ಗಂಡ ಅಪರೂಪಕ್ಕೊಂದು ನಗೆಮಾತಾಡಿದ.

ಒಂದು ದಿನ ಹಕ್ಕಿಯನ್ನು ತೆರೆದಾಗ ಪುಟದ ಬದಲು ಒಂದು ಪ್ರಕಟಣೆ ಬಂತು. ಬಳಸುವವರು ತೀರಾ ಕಡಿಮೆಯಾಗಿದ್ದಾರೆ, ಬರುವ ತಿಂಗಳ ಕೊನೆಗೆ ಸೇವೆ ನಿಲ್ಲುತ್ತದೆ, ಇಷ್ಟು ವರ್ಷ ಜೊತೆಗಿದ್ದುದಕ್ಕೆ ವಂದನೆ. ಕೆಳಗೆ ಬರೆಯಲು ಒಂದು ವಿಳಾಸ. ಅವಳು ಅಲ್ಲಿಗೆ ಬರೆದಳು. ದೂರು ಹೇಳಲಿಲ್ಲ. ಕ್ರೇನು, ಮಾವ, ಧೂಮಕೇತು, ವಿಜ್ಞಾನಿಗೂ ಅರ್ಥವಾಗದ ಆ ಚುಕ್ಕಿ, ಎಲ್ಲವನ್ನೂ ತಿಳಿಸಿ, 'ನಿಮ್ಮ ಯಂತ್ರ ಅದನ್ನೇಕೆ ಅಳಿಸಲಿಲ್ಲ?' ಎಂದು ಕೇಳಿದಳು. ಚಿತ್ರವನ್ನೂ ಜೊತೆಗಿಟ್ಟಳು.

ಮೂರನೆಯ ದಿನ, ರಜೆಯಲ್ಲಿ ಮನೆಯಲ್ಲಿದ್ದಾಗ, ಗಂಡನ ದೊಡ್ಡ ಫೋನಿಗೆ ಕರೆ ಬಂತು. ಅವಳು ಅದೇ ಸಂಖ್ಯೆ ಕೊಟ್ಟಿದ್ದಳು. ಆ ಕಡೆ ನಡುವಯಸ್ಸಿನ ದನಿ. ಬ್ರೌಸರ್ ಬರೆದ ಇಂಜಿನಿಯರುಗಳಲ್ಲಿ ತಾನೊಬ್ಬ ಎಂದ. ಅವಳ ಭಾಷೆಯಲ್ಲೇ ಮಾತಾಡಿದ. ಅವಳು ಸ್ಪೀಕರ್ ಹಾಕಿ ಫೋನನ್ನು ಮಾವನ ಮುಂದಿಟ್ಟಳು.

"ಅಮ್ಮಾ, ನಿಮ್ಮ ಚಿತ್ರ ನೋಡಿದೆ," ಎಂದ ಇಂಜಿನಿಯರ್. "ಆ ಚುಕ್ಕಿ ಯಾಕೆ ಉಳೀತು ಅಂತ ನನಗೆ ಗೊತ್ತು. ಅದು ನಮ್ಮಮ್ಮನಿಂದ."

"ನಿಮ್ಮಮ್ಮನಿಂದಾನಾ?"

"ಹೌದು. ಮೊದಮೊದಲು ಸಣ್ಣ ಫೋನುಗಳಲ್ಲಿ ನಮ್ಮ ಅಕ್ಷರ ಬರ್ತಾ ಇರಲಿಲ್ಲ, ನೆನಪಿದೆಯಾ? ಬರೀ ಚೌಕ ಚೌಕ ಬರ್ತಿತ್ತು. ಅದಕ್ಕೆ ನಾವು ಅಕ್ಷರಗಳನ್ನ ನಮ್ಮ ಯಂತ್ರದಲ್ಲೇ ಚಿತ್ರ ಬಿಡಿಸಿ, ಹಿಂಡಿ ಕಳಿಸ್ತಿದ್ವಿ. ಅಮ್ಮನಿಗೆ ಒಂದು ಫೋನ್ ಕೊಟ್ಟು, ಓದಿ ನೋಡು ಅಂದೆ. ಅವರು ಸುದ್ದಿ ಓದಿ ನನಗೆ ಫೋನ್ ಮಾಡಿದ್ರು. 'ಏನೋ, ಮೀನುಗಾರ ಹೆಂಗಸರಿಗೆ ದನಸಹಾಯ ಅಂತ ಬಂದಿದೆ. ಸಮುದ್ರಕ್ಕೆ ಹೋಗೋರು ದನ ಕಟ್ಕೊಂಡು ಏನೋ ಮಾಡ್ತಾರೆ?' ಅಂದ್ರು."

ಮಾವ ಪಕ್ಕನೆ ನಕ್ಕರು. "ಧನಸಹಾಯ!"

"ಹೂಂ ಯಜಮಾನ್ರೇ. ಧ ಅಕ್ಷರದ ಹೊಟ್ಟೆ ಸೀಳೋ ಗೆರೆ ಹಿಂಡುವಾಗ ಅಳಿಸಿಹೋಗಿತ್ತು. ಯಂತ್ರಕ್ಕೆ ಅದು ಕಸ. ನಾನು ಕೂತು ಒಂದು ನಿಯಮ ಬರೆದೆ. ಎಷ್ಟೇ ಸಣ್ಣದಿರಲಿ, ಸುತ್ತಲಿನದಕ್ಕಿಂತ ಬೇರೆಯಾಗಿ ನಿಂತ ಗುರುತನ್ನ ಅಳಿಸಬೇಡ ಅಂತ. ಅಕ್ಷರಕ್ಕೆ ಅಂತ ಬರೆದದ್ದು ಅದು. ಆದ್ರೆ ಎಲ್ಲ ಚಿತ್ರಗಳೂ ಅದೇ ಜರಡಿಯಲ್ಲಿ ಹಾದುಹೋಗ್ತಿದ್ವು. ನಿಮ್ಮ ಸೂರ್ಯನೂ."

ಅವಳು ಚೀಲದಿಂದ ಹಳೆಯ ಫೋನನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡಳು. ಯಾವುದೋ ಊರಿನ ಒಬ್ಬ ತಾಯಿ ಒಂದು ಅಕ್ಷರಕ್ಕೆ ತಕರಾರು ತೆಗೆದಿದ್ದಳು. ಅದಕ್ಕಾಗಿ, ಎಷ್ಟೋ ಶತಮಾನ ಕತ್ತಲಲ್ಲಿ ಅಲೆದ ಒಂದು ತುಣುಕು ಕೊನೆಗಾಲದಲ್ಲಿ ತನ್ನ ಅಂಗೈಗೆ ಬಂದಿತ್ತು.

"ನಿಮ್ಮಮ್ಮನಿಗೆ ಹೇಳಿದಿರಾ ಇದನ್ನ?" ಎಂದು ಅವಳು ಕೇಳಿದಳು.

"ಇವತ್ತು ಬೆಳಿಗ್ಗೆ ಹೇಳಿದೆ. ಅವರು ಅಂದದ್ದು ಒಂದೇ: 'ಆ ಹೆಂಗಸಿನ ಕಣ್ಣು ಚೆನ್ನಾಗಿದೆ, ದೃಷ್ಟಿ ತೆಗೆದುಕೊಳ್ಳೋಕೆ ಹೇಳು.'"

ಫೋನಿಡುವ ಮೊದಲು ಇಂಜಿನಿಯರ್ ಕೇಳಿದ: ಸೇವೆ ನಿಲ್ಲಿಸುವ ದಿನ ಆಫೀಸಿನಲ್ಲಿ ಹಳಬರೆಲ್ಲ ಸೇರುತ್ತೇವೆ, ನಿಮ್ಮ ಚಿತ್ರವನ್ನು ಅವರಿಗೆ ತೋರಿಸಬಹುದೇ? ಧಾರಾಳವಾಗಿ, ಎಂದಳು. ಮಾವ ಫೋನಿನ ಮೇಲೆ ಬಾಗಿದರು. "ಅಪ್ಪಾ, ನನ್ನದೊಂದು ಕೋರಿಕೆ. ಯಂತ್ರ ನಿಲ್ಲಿಸುವಾಗ ಫೋನ್ ಮಾಡ್ತೀಯಾ? ಆ ಚುಕ್ಕೀನ ನಾನು ನೋಡಲಿಲ್ಲ. ಅದನ್ನ ತಂದುಕೊಟ್ಟದ್ದನ್ನಾದ್ರೂ ಕೇಳಿಸ್ಕೋತೀನಿ."

ಆ ದಿನ ಬಂತು. ಮಟಮಟ ಮಧ್ಯಾಹ್ನ. ಅವಳು ರಜೆ ಹಾಕಿದ್ದಳು. ಗಂಡನೂ ಮಲಗದೆ ಬಂದು ಕೂತಿದ್ದ. ಕರೆ ಬಂದಾಗ ಆ ಕಡೆ ಮೊದಲು ಬಹಳ ಜನರ ಗದ್ದಲ ಕೇಳಿತು. ಇಂಜಿನಿಯರ್ ಅವರಿಗೆಲ್ಲ ಏನೋ ಹೇಳುತ್ತಿದ್ದ. ಬಿಲ್ಲೆ, ಏಳು ಗಂಟೆಯ ದಿಕ್ಕು, ಕ್ರೇನು ಎಂಬ ಮಾತುಗಳು ಅಲ್ಲಲ್ಲಿ ಕಿವಿಗೆ ಬಿದ್ದವು. ಗದ್ದಲ ಕ್ರಮೇಣ ಇಳಿದು ಪೂರ್ತಿ ನಿಂತುಹೋಯಿತು. ಅವರು ಚಿತ್ರ ನೋಡುತ್ತಿದ್ದಾರೆ ಎಂದು ಅವಳಿಗೆ ಗೊತ್ತಾಯಿತು.

"ಯಜಮಾನ್ರೇ, ಈಗ ಯಂತ್ರಗಳ ಕೋಣೆಯಲ್ಲಿದೀನಿ," ಎಂದ ಇಂಜಿನಿಯರ್. "ಮೊದಲು ತುಂಬಾ ಇದ್ವು. ಈಗ ಉಳಿದಿರೋದು ಒಂದೇ ಸಾಲು. ಫೋನನ್ನ ಹತ್ರ ಹಿಡೀತೀನಿ."

ದಟ್ಟವಾದ ಒಂದು ಮೊರೆತ ಕೋಣೆಯನ್ನು ತುಂಬಿತು. ಜೇನುಗೂಡಿನ ಹಾಗೆ. ಮಾವ ಕಣ್ಣು ಮುಚ್ಚಿದರು. ಎಷ್ಟು ಜನ, ಎಷ್ಟು ಊರು, ಎಷ್ಟು ಪ್ರಶ್ನೆ ಈ ಮೊರೆತದೊಳಗೆ ಹಾದುಹೋಗಿರಬಹುದು!

ಒಂದು ಸಣ್ಣ ಸದ್ದಾಯಿತು. ಮೊರೆತ ಒಮ್ಮೆಲೇ ನಿಲ್ಲಲಿಲ್ಲ. ಯಂತ್ರಗಳನ್ನು ತಣಿಸುವ ಫ್ಯಾನುಗಳು ಒಂದೊಂದಾಗಿ ನಿಧಾನವಾಗುತ್ತಾ, ದನಿ ಕೆಳಕ್ಕೆ, ಇನ್ನೂ ಕೆಳಕ್ಕೆ ಜಾರಿತು.

"ಇಳೀತಾ ಇದೆ," ಎಂದರು ಮಾವ ಪಿಸುದನಿಯಲ್ಲಿ. ಬೆರಳಿನಿಂದ ಗಾಳಿಯಲ್ಲಿ ಸುತ್ತುಗಳನ್ನು ಬರೆಯುತ್ತಿದ್ದರು, ಮೊದಲು ಬೇಗಬೇಗ, ಆಮೇಲೆ ನಿಧಾನ. "ಇನ್ನೊಂದು ಉಳಿದಿದೆ... ಅದು ತಿರುಗ್ತಾ ಇದೆ... ಇನ್ನೂ ತಿರುಗ್ತಾ ಇದೆ..."

ಅವರ ಬೆರಳು ನಿಂತಿತು. ಆ ಕಡೆಯಿಂದಲೂ ಈ ಕಡೆಯಿಂದಲೂ ಯಾರೊಬ್ಬರೂ ಫೋನು ಇಡಲಿಲ್ಲ.